ಡಾಕ್ಟರ್ ಟೈಪ್ ಮಾಡುತ್ತಿದ್ದಾರೆ

ಬ್ಯಾಂಕಿನಿಂದ ನಿವೃತ್ತನಾದವನಿಗೆ ಹೆಂಡತಿ ಡಾಕ್ಟರಾಗಿದ್ದರೆ ಒಂದು ಅನುಕೂಲವುಂಟು: ಮಾರನೆಯ ಬೆಳಿಗ್ಗೆಯೇ ಇನ್ನೊಂದು ಕೆಲಸ ಸಿಗುತ್ತದೆ. ಸಂಬಳವಿಲ್ಲ, ಅಷ್ಟೆ. ತಿಪಟೂರಿನಲ್ಲಿ ನಮ್ಮ ಮನೆಯ ಮುಂಭಾಗವೇ ಕ್ಲಿನಿಕ್ಕು. ಒಳಕೋಣೆಯಲ್ಲಿ ಡಾಕ್ಟರಮ್ಮ, ಬಾಗಿಲ ಬಳಿಯ ಕೌಂಟರಿನಲ್ಲಿ ನಾನು, ಇಂಜೆಕ್ಷನ್ ರೂಮಿನಲ್ಲಿ ಸಿಸ್ಟರು, ಹಿಂದುಗಡೆ ಲ್ಯಾಬಿನ ಹುಡುಗ, ರಸ್ತೆಗೆ ಮುಖ ಮಾಡಿದ ಔಷಧಿ ಅಂಗಡಿಯಲ್ಲಿ ಹಳೆಯ ಕಾಂಪೌಂಡರು. ಐದು ಜನಕ್ಕೆ ಐದು ಕಂಪ್ಯೂಟರು. ಅವನ್ನು ರಿಪೇರಿ ಮಾಡಲು ಬಂದ ಹುಡುಗ ಎಲ್ಲವನ್ನೂ ಒಂದೇ ತಂತಿಗೆ ಗಂಟು ಹಾಕಿ, ಪರದೆಯ ಮೂಲೆಯಲ್ಲಿ ಒಂದು ಸಣ್ಣ ಚೌಕ ಕೂರಿಸಿ, "ಇನ್ಮೇಲೆ ಯಾರೂ ಕೂಗೋ ಹಾಗಿಲ್ಲ ಸಾರ್, ಎಲ್ಲಾ ಮೆಸೇಜಲ್ಲೇ" ಎಂದು ದುಡ್ಡೆಣಿಸಿಕೊಂಡು ಹೋದ.

ಅಲ್ಲಿಯವರೆಗೆ ನಮ್ಮಲ್ಲಿದ್ದದ್ದು ಕರೆಗಂಟೆ ಮತ್ತು ಗಂಟಲು. ಗಂಟೆ ಒಂದು ಸಲ ಬಾರಿಸಿದರೆ ಮುಂದಿನ ಪೇಷಂಟು, ಎರಡು ಸಲಕ್ಕೆ ಸಿಸ್ಟರು, ಮೂರಕ್ಕೆ ಕಾಫಿ. ಮಿಕ್ಕಿದ್ದಕ್ಕೆಲ್ಲ ಗಂಟಲೇ ಗತಿ. ಸಿಸ್ಟರು ಹಾಲಿನ ನಟ್ಟನಡುವೆ ನಿಂತು, "ಮೋಷನ್ ಟೆಸ್ಟಿಗೆ ಕೊಟ್ಟೋರು ಯಾರ್ರೀ? ಡಬ್ಬಿ ಮೇಲೆ ಹೆಸರೇ ಇಲ್ಲ!" ಎಂದಾಗ, ಹುರಿಮೀಸೆಯ ಗಣ್ಯರೊಬ್ಬರು ಪೇಪರಿನ ಹಿಂದೆ ಪೂರ್ತಿಯಾಗಿ ಮರೆಯಾದದ್ದನ್ನು ನಾನೇ ಕಂಡಿದ್ದೇನೆ. ಕೊಬ್ಬರಿ ಹರಾಜಿನ ದಿನ ಸುತ್ತಲ ಹಳ್ಳಿಯವರೆಲ್ಲ ಬಂದು ಕೂತಿರುವಾಗ ಯಾರಿಗೆ ಮೂಲವ್ಯಾಧಿ, ಯಾರ ಸೊಸೆಗೆ ಎಷ್ಟನೇ ತಿಂಗಳು ಎಂಬ ಸಮಾಚಾರ ಸಂಜೆಯ ಬಸ್ಸುಗಳಲ್ಲೇ ಊರೂರು ತಲುಪಿಬಿಡುತ್ತಿತ್ತು. ರೋಗಿಯ ಗುಟ್ಟು ಕಾಪಾಡಬೇಕೆಂದು ಹಿಪೊಕ್ರೆಟಿಸನ ಪ್ರತಿಜ್ಞೆಯಲ್ಲೇ ಇದೆ, ನಿಜ. ಪಾಪ, ಅವನ ಕಾಲದಲ್ಲಿ ವೇಟಿಂಗ್ ಹಾಲ್ ಇದ್ದಿರಲಾರದು.

ಹೀಗಾಗಿ ಚೌಕ ಬಂದ ದಿನ ಕ್ಲಿನಿಕ್ಕು ತಟ್ಟನೆ ಮೌನವಾಯಿತು. ಹಾಲಿನಲ್ಲಿದ್ದ ಅಜ್ಜಿಯೊಬ್ಬರು ಎದ್ದು ಬಂದು ಕೌಂಟರಿಗೆ ಬಾಗಿ, "ಯಾಕ್ ಸ್ವಾಮಿ ಯಾರೂ ಮಾತಾಡ್ತಿಲ್ಲ? ಒಳಗೆ ಯಾರಾದ್ರೂ ಹೋಗ್ಬಿಟ್ರಾ?" ಎಂದು ಪಿಸುಗುಟ್ಟಿದರು. ಇಲ್ಲ ಅಜ್ಜಿ, ಎಲ್ಲಾ ಕಂಪ್ಯೂಟರಲ್ಲೇ ಮಾತಾಡಿಕೊಳ್ತಿದ್ದಾರೆ ಎಂದೆ. ಅಜ್ಜಿಗೆ ಸಮಾಧಾನವಾಗಲಿಲ್ಲ, ಅಷ್ಟು ದೂರದಿಂದ ಬಸ್ ಚಾರ್ಜು ಕೊಟ್ಟು ಬಂದವರಿಗೆ ಬರೀ ತನ್ನ ಮಂಡಿನೋವಿನ ಸುದ್ದಿ ಕೇಳಿಕೊಂಡು ಹೋಗುವುದೆಂದರೆ ನಷ್ಟವೇ.

ಪಕ್ಕದ ಕೋಣೆಯವರನ್ನು ಯಂತ್ರದಿಂದ ಕರೆಯುವುದು ದೊಡ್ಡವರ ಸಂಪ್ರದಾಯ. 1876ರ ಮಾರ್ಚ್ 10ರಂದು ಗ್ರಹಾಂ ಬೆಲ್ ಟೆಲಿಫೋನಿನಲ್ಲಿ ಮೊದಲು ಮಾತಾಡಿದ್ದು ಸಮುದ್ರದಾಚೆಯವರ ಜತೆಯಲ್ಲ. ಪಕ್ಕದ ಕೋಣೆಯಲ್ಲಿದ್ದ ಸಹಾಯಕ ವಾಟ್ಸನ್ನನಿಗೆ, ಇಲ್ಲಿ ಬಾ ಎಂದು. ಟೆಲಿಫೋನಿಗೆ ನಂಬರು ಬಂದದ್ದಂತೂ ಡಾಕ್ಟರೊಬ್ಬರ ತಲೆಯಿಂದ. 1879ರ ಸುಮಾರಿಗೆ ಅಮೆರಿಕದ ಲೋವೆಲ್ ಊರಿನಲ್ಲಿ ದಡಾರ ಎದ್ದಿತ್ತು. ಯಾರ ತಂತಿ ಯಾವುದೆಂದು ಬಲ್ಲ ಆಪರೇಟರುಗಳಿದ್ದದ್ದು ನಾಲ್ಕೇ ಜನ; ಅವರೆಲ್ಲ ಮಲಗಿಬಿಟ್ಟರೆ ಹೊಸಬರು ಏನು ಮಾಡಬೇಕೆಂದು ಯೋಚಿಸಿದ ಮೋಸೆಸ್ ಗ್ರೀಲಿ ಪಾರ್ಕರ್ ಎಂಬ ವೈದ್ಯರು, ಹೆಸರು ಬಿಟ್ಟು ಸಂಖ್ಯೆ ಕೊಡಿ ಎಂದರು. ಪರದೆಯ ಮೇಲೆ ಚೀಟಿ ಹಾರಿಸುವ ವಿದ್ಯೆಯೂ ಹಳೆಯದೇ. ವಿಂಡೋಸಿನಲ್ಲಿ ಮುಂಚೆ ಅದಕ್ಕೊಂದು ಏರ್ಪಾಡಿತ್ತು. ಜಾಹೀರಾತಿನವರು ಅದರೊಳಗೆ ನುಗ್ಗಿ ಕಂಡವರ ಪರದೆಯ ಮೇಲೆಲ್ಲ ಕುಣಿಯತೊಡಗಿದಾಗ 2004ರಲ್ಲಿ ಮೈಕ್ರೋಸಾಫ್ಟ್ ಎಕ್ಸ್‌ಪಿಯಲ್ಲಿ ಅದರ ಬಾಯಿ ಮುಚ್ಚಿಸಿತು.

ನನಗೆ ತೊಡಕಾದದ್ದು ಯಂತ್ರವಲ್ಲ, ವೈದ್ಯರ ಬೀಜಾಕ್ಷರಗಳು. ಜೀವಮಾನವೆಲ್ಲ ಬ್ಯಾಂಕಿನಲ್ಲಿ ಕಳೆದವನ ಪರದೆಯ ಮೇಲೆ "ಓಡಿ" ಎಂದು ಬಂದರೆ ಅವನಿಗೆ ಓವರ್‌ಡ್ರಾಫ್ಟ್ ನೆನಪಾಗುತ್ತದೆ. ಬರೀ ಕನ್ನಡ ಬಲ್ಲವನಾದರೆ ಎದ್ದು ಓಡಿಯೇಬಿಡುತ್ತಾನೆ. ಡಾಕ್ಟರ ಲೆಕ್ಕದಲ್ಲಿ ಅದು ದಿನಕ್ಕೊಂದು ಮಾತ್ರೆ. "ಎನ್‌ಪಿಓ" ಎನ್ನುವುದು ವಸೂಲಾಗದ ಸಾಲವಾದ ಎನ್‌ಪಿಎಗೆ ನೆಂಟನಲ್ಲ, ಬಾಯಿಗೆ ಏನನ್ನೂ ಹಾಕಕೂಡದು ಎಂಬ ಲ್ಯಾಟಿನ್ ಅಪ್ಪಣೆ. ಒಮ್ಮೆ ಕೊಬ್ಬರಿ ವರ್ತಕರೊಬ್ಬರು ಕೌಂಟರಿಗೆ ಒರಗಿ ನಿಂತಿದ್ದಾಗಲೇ ನನ್ನ ಪರದೆಯಲ್ಲಿ "ಇವರಿಗೆ ಟಿಡಿಎಸ್, ಸರಿಯಾಗಿ ಹೇಳಿ ಕಳಿಸಿ" ಎಂದು ಮಿಂಚಿತು. ವರ್ತಕರ ಮುಖ ಬಿಳುಚಿತು. "ಸಾರ್, ಇಲ್ಲೂ ಟಿಡಿಎಸ್ ಹಿಡೀತೀರಾ? ಪ್ಯಾನ್ ಕಾರ್ಡು ಮಂಡಿಯಲ್ಲೈತೆ." ಅದು ತೆರಿಗೆಯಲ್ಲ, ದಿನಕ್ಕೆ ಮೂರು ಮಾತ್ರೆ ಎಂದು ತಿಳಿದ ಮೇಲೆ ಅವರಿಗೆ ಆದ ಆನಂದದಲ್ಲೇ ಅರ್ಧ ಕೆಮ್ಮು ನಿಂತಿತು.

ಲ್ಯಾಬಿನ ಹುಡುಗನದು ಬೇರೆ ಶೈಲಿ. ಅವನು ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತುತ್ತಾನೆ. ಅಲ್ಲಿ ಕಲ್ಲಿಗೂ ಕಳ್ಳಿಗೂ ಒಂದೇ ಕಾಗುಣಿತ. ಕಿಡ್ನಿಯಲ್ಲಿ ಕಲ್ಲಿದ್ದ, ಕಾಫಿಯನ್ನೂ ಮುಟ್ಟದ ಮೇಷ್ಟರೊಬ್ಬರು ಸಿಸ್ಟರಿಂದ ಪಾನನಿರೋಧದ ಉಪನ್ಯಾಸವೊಂದನ್ನು ಆಮೂಲಾಗ್ರ ಕೇಳಬೇಕಾಯಿತು. ಅಲ್ಲದೆ ಚೌಕದಲ್ಲಿ "ತುರ್ತು" ಎಂಬ ಕೆಂಪು ಗುಂಡಿಯೊಂದಿದೆ. ಒತ್ತಿದರೆ ಐದೂ ಪರದೆಗಳು ಕೆಂಪಾಗಿ ಕಿರಿಚುತ್ತವೆ. ಇದುವರೆಗೆ ಅದನ್ನು ಅತಿ ಹೆಚ್ಚು ಬಳಸಿದವರು ಕಾಂಪೌಂಡರು, ಐನೂರಕ್ಕೆ ಚಿಲ್ಲರೆ ಕೇಳಲು. ನಿಜವಾದ ತುರ್ತೊಂದು ಬಂದಾಗ, ಅಂದರೆ ರಕ್ತ ತೆಗೆಯುವುದನ್ನು ನೋಡಿ ಗಟ್ಟಿಮುಟ್ಟಾದ ಯುವಕನೊಬ್ಬ ದೊಪ್ಪೆಂದು ಬಿದ್ದಾಗ, ಯಾರೂ ಗುಂಡಿ ಹುಡುಕಲಿಲ್ಲ. ಸಿಸ್ಟರು "ಮೇಡಂ!" ಎಂದು ಕೂಗಿದ ಕೂಗಿಗೆ ನಾವು ಮಾತ್ರವಲ್ಲ, ಎದುರಿನ ಬೇಕರಿಯವನೂ ಓಡಿಬಂದ.

ಇನ್ನು ದಾಂಪತ್ಯದ ವಿಷಯ. ಪೇಷಂಟುಗಳೆದುರು ನಾನು ಆಕೆಯನ್ನು "ಡಾಕ್ಟ್ರೇ" ಎನ್ನುತ್ತೇನೆ, ಆಕೆ ನನ್ನನ್ನು "ರೀ" ಎನ್ನುತ್ತಾಳೆ. ಆ ಒಂದಕ್ಷರವನ್ನು ಎಳೆಯುವ ಪರಿಯಲ್ಲೇ ನನಗೆ ಎಲ್ಲವೂ ತಿಳಿಯುತ್ತಿತ್ತು: ಗಿಡ್ಡ "ರೀ" ಎಂದರೆ ಫೈಲು, ಉದ್ದದ್ದು ಎಂದರೆ ಒಳಗಿರುವವರು ಏಳುತ್ತಿಲ್ಲ, ಏನಾದರೂ ಮಾಡಿ ಎಬ್ಬಿಸಿ. ಪರದೆಯಲ್ಲಿ ಬರುವುದು "ಬನ್ನಿ" ಮಾತ್ರ, ಮುಂದೊಂದು ಚುಕ್ಕಿ. ಇದು ಕೋಪವೋ ಕಾಫಿಯೋ ಎಂದು ಚುಕ್ಕಿ ಹೇಳುವುದಿಲ್ಲ. ಮೇಲಾಗಿ ನಾನು ಓದಿದೆನೆಂಬುದನ್ನು ಯಂತ್ರ ಆ ಕಡೆಗೆ ಚಾಡಿ ಹೇಳುತ್ತದೆ. ವಾಟ್ಸಾಪಿನವರು 2014ರಲ್ಲಿ ನೀಲಿ ಗೆರೆ ತಂದು ಎಷ್ಟು ಸಂಸಾರಗಳಲ್ಲಿ ಮಾತು ಬೆಳೆಸಿದರೋ, ಆ ಪೀಡೆ ಈಗ ನಮ್ಮ ಕೌಂಟರಿಗೂ ಬಂತು. ಕೇಳಿಸಲಿಲ್ಲ ಎನ್ನುವ ಗಂಡಸರ ಹಳೆಯ ಹಕ್ಕು ಹೋಯಿತು.

ಒಂದು ಮಧ್ಯಾಹ್ನ ಆಕೆ ನನಗೆಂದು ಕಳಿಸಿದ "ಎಷ್ಟಾಯ್ತು? ಬೆಂದಿದ್ಯಾ ನೋಡಿ" ಎಂಬ ಮೆಸೇಜು ಎಲ್ಲರಿಗೂ ಹೋಯಿತು. ಲ್ಯಾಬಿನಿಂದ "ಯಾರ ಸ್ಯಾಂಪಲ್ ಮೇಡಂ?" ಎಂದು ಬಂತು. ಅಂಗಡಿಯಿಂದ "ಸ್ಟಾಕ್ ಇಲ್ಲ." ನಾನು ಒಳಗೆ ಹೋಗಿ ಕುಕ್ಕರು ನೋಡಿಬಂದು, "ಇನ್ನೂ ಎರಡು ಸೀಟಿ ಬೇಕು" ಎಂದು ಒತ್ತಿದೆ. ಆ ಹೊತ್ತಿಗೆ ಆಕೆ ಪರದೆಯನ್ನು ತಿರುಗಿಸಿ ಯಾರಿಗೋ ಅವರ ಸ್ಕ್ಯಾನ್ ತೋರಿಸುತ್ತಿದ್ದಳಂತೆ. ಅವರು ಗಾಬರಿಯಿಂದ, "ಇನ್ನೂ ಎರಡು ಸೀಟಿ ಸ್ಕ್ಯಾನ್ ಬೇಕಾ ಮೇಡಂ? ಖರ್ಚು ಬಹಳ ಆಗುತ್ತಲ್ಲ" ಎಂದರಂತೆ.

ಇಷ್ಟಾದರೂ ಚೌಕವನ್ನು ಕಿತ್ತುಹಾಕಿ ಎಂದು ನಾನು ಹೇಳಲಾರೆ. ಹೋದ ಮಳೆಗಾಲದಲ್ಲಿ ಹುಡುಗಿಯೊಬ್ಬಳ ಕಫದ ರಿಪೋರ್ಟಿನಲ್ಲಿ ಕ್ಷಯವೆಂದು ಬಂತು. ಮದುವೆ ಗೊತ್ತಾಗಿದ್ದ ಹುಡುಗಿ. ಹಾಲಿನ ತುಂಬ ಅವಳ ಊರಿನವರೇ. ಲ್ಯಾಬಿನಿಂದ ಡಾಕ್ಟರ ಕೋಣೆಗೆ ಎರಡು ಸಾಲು ಸದ್ದಿಲ್ಲದೆ ಹೋಯಿತು, ಅವಳನ್ನು ಒಳಗೆ ಕರೆದು ಕೂರಿಸಿಕೊಂಡರು. ಔಷಧಿ ಮುಗಿಸಿದಳು, ವಾಸಿಯಾದಳು, ಊರಿಗೆ ತಿಳಿಯಲಿಲ್ಲ. ಗಂಟಲಿನ ಕಾಲದಲ್ಲಿ ಇದು ಸಾಧ್ಯವಿರಲಿಲ್ಲ. ಇದನ್ನೇ ವಾಟ್ಸಾಪ್ ಗುಂಪಿನಲ್ಲಿ ಮಾಡಬಹುದಲ್ಲ ಎನ್ನುತ್ತಾರೆ ಕೆಲವರು. 2016ರಿಂದ ಅಲ್ಲಿಯ ಮಾತಿಗೆ ಈ ತುದಿಯಿಂದ ಆ ತುದಿಯವರೆಗೆ ಬೀಗವಿದೆ, ಒಪ್ಪಿದೆ. ಆದರೆ ಹೆಬ್ಬೆರಳಿಗೆ ಬೀಗವಿಲ್ಲ. ಜಾರಿದರೆ ರಿಪೋರ್ಟು ಸೋದರಮಾವನ ಗುಂಪಿನಲ್ಲಿ ಶುಭೋದಯದ ಗುಲಾಬಿಯ ಕೆಳಗೆ ಕೂರುತ್ತದೆ. ನಮ್ಮದು ಗೋಡೆಯೊಳಗಿನ ತಂತಿ. ಜಾರಿದರೂ ಬೇಳೆ ಕಾಂಪೌಂಡರವರೆಗೆ ಹೋಗುತ್ತದೆ, ಅಷ್ಟೆ.

ನೀವು ನಮ್ಮ ಕ್ಲಿನಿಕ್ಕಿಗೆ ಬಂದರೆ ದಯವಿಟ್ಟು ಕೌಂಟರಿಗೆ ಬಾಗಿ ನನ್ನ ಪರದೆ ಓದಬೇಡಿ. ಅದರಲ್ಲಿರುವುದು ಬೇರೆಯವರ ಕಾಯಿಲೆ. ಇಲ್ಲವಾದರೆ ನಮ್ಮ ಮನೆಯ ಸಾರು.