ಉಪ್ಪಿನಬೆಟಗೇರಿಯ ರೊಟ್ಟಿ-ಬೊಜ್ಜು ಮೀಮಾಂಸೆ

ಬೊಜ್ಜು ಇಳಿಸಲು ಹೊರಟವರು ಯಾವ ಪಿಷ್ಟ ತಿನ್ನಬೇಕು ಎಂಬುದನ್ನು ಜಗತ್ತಿನ ಪಂಡಿತರು ಪ್ರಯೋಗಶಾಲೆಯಲ್ಲಿ ಚರ್ಚಿಸುತ್ತಾರೆ. ಧಾರವಾಡ ತಾಲ್ಲೂಕಿನ ಉಪ್ಪಿನಬೆಟಗೇರಿಯಲ್ಲಿ ಈ ಚರ್ಚೆ ಕಟ್ಟೆಯ ಮೇಲೆ, ಅದೂ ಊಟವಾದ ನಂತರ ನಡೆಯುತ್ತದೆ. ಹೊಟ್ಟೆ ತುಂಬಿದವರಿಗಷ್ಟೇ ಮಿತಾಹಾರದ ತತ್ತ್ವ ನಿಚ್ಚಳವಾಗಿ ಹೊಳೆಯುತ್ತದೆ ಎಂಬುದು ಪ್ರಸ್ತುತ ಪ್ರಬಂಧದ ಮೊದಲ ಪ್ರಮೇಯ.

ಇಲ್ಲಿ ಪ್ರಬಲವಾದದ್ದು ಕೇವಲರೊಟ್ಟಿವಾದ. “ಎರಿ ಹೊಲದ ಹಿಂಗಾರಿ ಜ್ವಾಳ ತಿಂದು ದಪ್ಪ ಆದವರನ್ನ ಯಾರನ್ನರ ನೋಡೀರೇನು?” ಎಂಬುದೇ ಇದರ ಏಕೈಕ ಪ್ರಮಾಣವಾಕ್ಯ. ಕೇಳುವವರ ಉದರದತ್ತ ಕಣ್ಣು ಹಾಯಿಸುವುದು ಪ್ರತ್ಯಕ್ಷ ಪ್ರಮಾಣವೇ ಸರಿ, ಆದರೆ ಶಿಷ್ಟಾಚಾರವಲ್ಲ. ಎದುರು ಕೂತ ಅನ್ನದೂಷಕರು ಊರಿನ ಸಕಲ ಹೊಟ್ಟೆಗಳಿಗೂ 2013ರ ಅನ್ನಭಾಗ್ಯದ ಅಕ್ಕಿಯೇ ಕಾರಣವೆನ್ನುತ್ತಾರೆ. ಅದಕ್ಕೂ ಹಿಂದಿನ ಹೊಟ್ಟೆಗಳನ್ನು ಪ್ರಕ್ಷಿಪ್ತವೆಂದು ತಳ್ಳಿಹಾಕುತ್ತಾರೆ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಸಾರಿದ ಮೇಲೆ ಅಜ್ಜ ಬೆಳೆದುಣ್ಣುತ್ತಿದ್ದ ನವಣಿಯನ್ನು ಪೇಟೆಯಿಂದ ಪಾಕೀಟಿನಲ್ಲಿ ತರುವ ಶಾಖೆಯೊಂದು ಹುಟ್ಟಿದೆ. ಜವೆಗೋಧಿ ಪಂಥದವರಂತೂ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಡಿಡಿಕೆ-1025, ಡಿಡಿಕೆ-1029 ತಳಿಗಳ ಹೆಸರನ್ನು ಬೀಜಮಂತ್ರವಾಗಿ ಜಪಿಸಿ, ಆ ಗೋಧಿಯನ್ನು ಬೆಲ್ಲ-ತುಪ್ಪ ಸಮೇತ ಹುಗ್ಗಿಯ ರೂಪದಲ್ಲಿ ಮಾತ್ರ ಸೇವಿಸುತ್ತಾರೆ.

ಇನ್ನು ಸಾಂಖ್ಯ. ನೂರು ಗ್ರಾಂ ಜೋಳದ ಹಿಟ್ಟಾಗಲಿ, ಅಷ್ಟೇ ತೂಕದ ಬಿಳಿ ಅಕ್ಕಿಯಾಗಲಿ, ಸುಮಾರು 330ರಿಂದ 350 ಕ್ಯಾಲೊರಿ. ಜೋಳದ ಹಿರಿಮೆ ಇರುವುದು ನಾರಿನಲ್ಲಿ: ಅದರಲ್ಲಿ ಹತ್ತು ಗ್ರಾಂನಷ್ಟಿದ್ದರೆ ಅಕ್ಕಿಯಲ್ಲಿ ಮೂರರ ಆಸುಪಾಸು. ಕಟಕ ರೊಟ್ಟಿ ಅಗಿಯುವಷ್ಟರಲ್ಲಿ ದವಡೆ ಸೋಲುತ್ತದೆ, ಹೊಟ್ಟೆ ಹೊತ್ತು ತಡೆಯುತ್ತದೆ. ಟೊರಾಂಟೊದ ಡೇವಿಡ್ ಜೆಂಕಿನ್ಸ್ ಮತ್ತು ಸಂಗಡಿಗರು 1981ರಲ್ಲಿ ಕೊಟ್ಟ ಗ್ಲೈಸೆಮಿಕ್ ಸೂಚ್ಯಂಕವನ್ನೂ ಕಟ್ಟೆ ಆಗಾಗ ಎಳೆದು ತರುತ್ತದೆ. ಅದು ಅಳೆಯುವುದು ತಿಂದ ಮೇಲೆ ನೆತ್ತರಿನ ಸಕ್ಕರೆ ಏರುವ ಪರಿಯನ್ನು, ಸೊಂಟದ ಸುತ್ತಳತೆಯನ್ನಲ್ಲ.

2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸ್ಟ್ಯಾನ್‌ಫರ್ಡ್‌ನವರು 609 ಜನರಲ್ಲಿ ಒಂದು ಪಾಲಿಗೆ ಪಿಷ್ಟ, ಇನ್ನೊಂದು ಪಾಲಿಗೆ ಕೊಬ್ಬು ಕಡಿಮೆ ಮಾಡಿಸಿ ಒಂದು ವರ್ಷ ಕಾದರು. ಸರಾಸರಿ ಒಬ್ಬೊಬ್ಬರು ಇಳಿಸಿದ್ದು ಕ್ರಮವಾಗಿ ಆರು ಕಿಲೊ ಮತ್ತು 5.3 ಕಿಲೊ, ಹೇಳಿಕೊಳ್ಳುವಂಥ ಅಂತರವೇನಿಲ್ಲ. ಇದನ್ನು ಕಟ್ಟೆಯ ಮುಂದಿಟ್ಟಾಗ ಬಂದ ಖಂಡನೆ: “ವರ್ಷಪೂರ್ತಿ ಹೇಳಿದ್ದಷ್ಟ ಉಂಡಾರಂದ್ರ ಅಲ್ಲಿ ಜಾತ್ರಿ, ಮದುವಿ ಏನೂ ಇರಲಿಲ್ಲ ಕಾಣ್ತೈತಿ.” ಇದಕ್ಕೆ ಸ್ಟ್ಯಾನ್‌ಫರ್ಡ್ ಉತ್ತರಿಸುವ ಲಕ್ಷಣವಿಲ್ಲ.

ಎಲ್ಲ ಪಂಥಗಳೂ ಮೌನ ತಾಳುವ ವಿಷಯ ಒಂದೇ, ತಾಟಿನ ಅಂಚು. ಐವತ್ತು ಗ್ರಾಂ ಹಿಟ್ಟಿನ ರೊಟ್ಟಿ ಹೆಚ್ಚೆಂದರೆ 175 ಕ್ಯಾಲೊರಿ. ಅದರ ಮೇಲೆ ಕೂತ ಇಪ್ಪತ್ತು ಗ್ರಾಂ ಬೆಣ್ಣೆಯದು 145, ಬದಿಯ ಇಪ್ಪತ್ತು ಗ್ರಾಂ ಶೇಂಗಾ ಹಿಂಡಿಯದು ನೂರರ ಮೇಲೆ. ಎಣ್ಣೆಗಾಯಿಯ ಮೇಲೆ ತೇಲುವ ಎಣ್ಣೆಯನ್ನು ಮರ್ಯಾದೆಗಾಗಿ ಇಲ್ಲಿ ಲೆಕ್ಕಕ್ಕೆ ಹಿಡಿದಿಲ್ಲ. ಪಿಷ್ಟ ಗ್ರಾಂಗೆ ನಾಲ್ಕು ಕ್ಯಾಲೊರಿ ಕೊಟ್ಟರೆ ಕೊಬ್ಬು ಒಂಬತ್ತು ಕೊಡುತ್ತದೆ. ಆದರೂ ಜೋಳ-ಅಕ್ಕಿಗಳ ಮೇಲೆ ಇಷ್ಟೆಲ್ಲ ಭಾಷ್ಯ ಬರೆದವರು ಬೆಣ್ಣೆಗೆ ಅಡಿಟಿಪ್ಪಣಿಯಲ್ಲೂ ಜಾಗ ಕೊಟ್ಟಿಲ್ಲ.

ಮೇಲಿನ ಐವತ್ತು ಗ್ರಾಂ ಎಂಬ ಅಂಕಿಗೆ ಕ್ಷೇತ್ರಕಾರ್ಯದ ಆಧಾರ ಬೇಕೆಂದು ಪ್ರಬಂಧಕಾರನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ತಾಯಿಯೊಬ್ಬರನ್ನು ಕೇಳಿದ: “ಒಂದ ರೊಟ್ಟಿಗೆ ಎಷ್ಟ ಗ್ರಾಂ ಹಿಟ್ಟ ಹಿಡೀತೈತ್ರಿ ಯವ್ವಾ?”

“ಕೈಗೆ ಬಂದಷ್ಟ, ತಮ್ಮಾ.”

ಈ ಕೈ ಎಂಬ ಮಾನವು ಅಳಿಯ ಬಂದ ದಿನ ಹಿಗ್ಗುತ್ತದೆ, ಸಾಲ ಕೇಳಲು ಬಂದವರಿಗೆ ಕುಗ್ಗುತ್ತದೆ ಎಂದು ಅವರೇ ವಿವರಿಸಿದರು. ಈ ಏರಿಳಿತಕ್ಕೊಂದು ಸೂತ್ರ ಕಟ್ಟೋಣವೆಂದು ಪ್ರಬಂಧಕಾರನು ಪೆನ್ನು ತೆಗೆಯುವಷ್ಟರಲ್ಲಿ ತಾಟಿಗೆ ಇನ್ನೊಂದು ಬಿಸಿ ರೊಟ್ಟಿ ಬಿತ್ತು, ಅಳಿಯನ ಅಳತೆಯದು.