ಎರಡನೇ ಸ್ಪ್ಯಾನರಿನ ಪರ ವಕಾಲತ್ತು

ತೋಟದ ಬೆಂಚು ಜೋಡಿಸಲು ಡಬ್ಬದೊಳಗಿನ ಅಲೆನ್ ಕೀ ಒಂದೇ ಸಾಕೆನ್ನುವುದು, ಮದುವೆಗೆ ವರನೊಬ್ಬನೇ ಸಾಕೆಂದಂತೆ. ಸಾಕೆಟ್ ತಲೆಯ 8 ಮಿ.ಮೀ. ಬೋಲ್ಟಿಗೆ 6 ಮಿ.ಮೀ. ಕೀ ಸರಿಯಾಗಿಯೇ ಕೂರುತ್ತದೆ. ಆದರೆ ಆಚೆ ಬದಿಯ ನಟ್ಟನ್ನು 13 ಮಿ.ಮೀ. ಸ್ಪ್ಯಾನರು ಹಿಡಿಯದಿದ್ದರೆ ಎರಡೂ ಜೊತೆಯಾಗಿ ಗಿರಗಿರ ತಿರುಗುತ್ತವೆ, ಬಿಗಿಯಾಗುವುದು ನಮ್ಮ ಹಲ್ಲು ಮಾತ್ರ. ನೈಲಾನ್ ಉಂಗುರದ ನಟ್ಟಂತೂ ಬೆರಳಿಗೆ ಬಗ್ಗುವ ಜಾತಿಯಲ್ಲ. ಕಟಿಂಗ್ ಪ್ಲೇಯರ್ ಇದೆಯಲ್ಲ ಎನ್ನುವವರುಂಟು. ಅದು ಆರು ಮೂಲೆಯ ನಟ್ಟನ್ನು ಸವೆಸಿ ಲಾಡು ಕಟ್ಟಿಕೊಡುತ್ತದೆ. ಚೌಕ ಕತ್ತಿನ ಕ್ಯಾರೇಜ್ ಬೋಲ್ಟಿಗೆ ಒಂದೇ ಸ್ಪ್ಯಾನರು ಸಾಕೆಂಬ ವಾದ ಒಪ್ಪತಕ್ಕದ್ದೇ, ಆ ಕತ್ತು ಮರವನ್ನು ಕಚ್ಚಿ ಕೂತಿರುವಷ್ಟು ದಿನ. ಇನ್ನು, ಸ್ಪ್ಯಾನರು ಎರಡಿದ್ದರೂ ಮೊದಲ ಬೋಲ್ಟನ್ನೇ ಪೂರ್ತಿ ಬಿಗಿದುಬಿಡುವ ಶೂರರಿಗೆ ಕೊನೆಯ ತೂತು ನೇರ ಸಿಗುವುದಿಲ್ಲ. ಆಗ ಸುತ್ತಿಗೆ ಹುಡುಕುತ್ತಾರೆ.