ಎಡಗಡೆ ಸೀಟಿನ ಮಾವ

ನಮ್ಮ ಮಾವನವರಿಗೆ ಕಾರು ಓಡಿಸಲು ಬರುವುದಿಲ್ಲ. ಲೈಸೆನ್ಸ್ ಇಲ್ಲ, ಎಲ್‌ಎಲ್‌ಆರ್ ಕೂಡ ಮಾಡಿಸಿದವರಲ್ಲ. ಜೀವಮಾನವೆಲ್ಲ ಅವರು ಓಡಿಸಿದ್ದು ಒಂದೇ ಒಂದು ಅಟ್ಲಾಸ್ ಸೈಕಲ್ಲು. ಆದರೂ ಒಂಬತ್ತು ವರ್ಷಗಳಿಂದ ನನ್ನ ಕಾರನ್ನು ಓಡಿಸುತ್ತಿರುವವರು ಅವರೇ. ನಾನು ಸ್ಟೇರಿಂಗ್ ಹಿಡಿದುಕೊಂಡು ಕೂತಿರುತ್ತೇನೆ, ಅಷ್ಟೆ.

ಅರಸೀಕೆರೆಯಲ್ಲಿ ಇಂಥವರು ಮನೆಗೊಬ್ಬರು ಇದ್ದಾರೆ. ಕೆಲವು ಮನೆಗಳಲ್ಲಿ ಇಬ್ಬರಿರುತ್ತಾರೆ. ಆ ಮನೆಯವರು ಬಸ್ಸಿನಲ್ಲಿ ಓಡಾಡುತ್ತಾರೆ.

ಕಾರು ಹತ್ತುವುದೇ ಒಂದು ವೈಭವ. ಹೆಗಲ ಮೇಲಿನ ಟವಲ್ಲು ಕೊಡವಿ ಸೀಟಿಗೆ ಹಾಸುತ್ತಾರೆ. ಬೆಲ್ಟನ್ನು ಎಳೆದು, ಕೊಂಡಿಗೆ ಸಿಕ್ಕಿಸದೆ, ಮದುವೆಮನೆಯ ಶಲ್ಯದ ಹಾಗೆ ಎದೆಯ ಮೇಲೆ ಬಿಟ್ಟುಕೊಂಡು ತುದಿಯನ್ನು ಕೈಯಲ್ಲಿ ಹಿಡಿದುಕೊಳ್ಳುತ್ತಾರೆ. ಕಾರು ಕುಂಯ್ ಕುಂಯ್ ಎಂದು ಅತ್ತರೆ "ಇದರದ್ದೇನ್ರೀ ರಾಗ?" ಎನ್ನುತ್ತಾರೆ. ಆಮೇಲೆ ನಡುವಿನ ಕನ್ನಡಿಯನ್ನು ತಮ್ಮ ಕಡೆ ತಿರುಗಿಸಿ ತಲೆ ಬಾಚಿಕೊಳ್ಳುತ್ತಾರೆ. ಬೇಲೂರಿನ ದರ್ಪಣ ಸುಂದರಿ ಒಂಬೈನೂರು ವರ್ಷದಿಂದ ಕನ್ನಡಿ ಹಿಡಿದು ನಿಂತಿದ್ದಾಳೆ. ಒಂದು ದಿನವಾದರೂ ಅದರಲ್ಲಿ ಹಿಂದೆ ಬರುವವರನ್ನು ನೋಡಿದವಳಲ್ಲ. ಮಾವನವರದೂ ಅದೇ ಶಿಲ್ಪಶಾಸ್ತ್ರ. ಹಿಂದಿನ ಸೀಟಿನಿಂದ ನನ್ನ ಹೆಂಡತಿ "ಅಪ್ಪಾ, ಕನ್ನಡಿ" ಎಂದಾಗ ಅದು ವಾಪಸು ತಿರುಗುತ್ತದೆ, ಆದರೆ ಕಾರಿನ ಸೂರಿನ ಕಡೆಗೆ.

ಮಾವನವರು ಕೊಬ್ಬರಿ ಮಂಡಿಯಲ್ಲಿ ಮೂವತ್ತು ವರ್ಷ ರೈಟರ್ ಆಗಿದ್ದವರು. ನಮ್ಮ ಸೀಮೆಯ ಉಂಡೆ ಕೊಬ್ಬರಿ ದಿಲ್ಲಿಯವರೆಗೆ ಹೋಗುತ್ತದೆ, ಹೋಗುವುದು ಲಾರಿಯಲ್ಲಿ. ಎಷ್ಟು ಮೂಟೆ, ಯಾವ ಲಾರಿ, ಯಾರ ಬಾಡಿಗೆ ಎಂದು ಬರೆದೂ ಬರೆದೂ ಅವರಿಗೆ ಲಾರಿ ಎಂದರೆ ತಮ್ಮ ಕೈಕೆಳಗಿನ ನೌಕರ ಎಂಬ ಭಾವನೆ ಬಂದುಬಿಟ್ಟಿದೆ. ಕೈಕೆಳಗಿನವನು ಮುಂದೆ ಹೋಗಬಾರದಲ್ಲ. ಹಾಗಾಗಿ ರಸ್ತೆಯಲ್ಲಿ ಒಂದು ಲಾರಿ ಮುಂದಿದ್ದರೆ ಅವರ ಬಲಗಾಲು ತಾನಾಗಿ ನೆಲದ ಮ್ಯಾಟನ್ನು ಒತ್ತತೊಡಗುತ್ತದೆ. "ಹೊಡೀರಿ ಅಳಿಯಂದ್ರೇ, ಏನು ಅವನ ಹಿಂದೆ ದಿಬ್ಬಣದ ಹಂಗೆ ಹೋಗ್ತಾ ಇದೀರಿ?"

ಮ್ಯಾಟು ಅವರ ಕಾಲ ಕೆಳಗೆ ಸವೆದು ತೂತಾಗಿದೆ. ನನ್ನ ಕಡೆಯದು ಇನ್ನೂ ಹೊಸದು.

ನನ್ನ ಹೆಂಡತಿ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಾಳೆ. ಒಮ್ಮೆ ಯಾವುದೋ ಲಗ್ನಪತ್ರಿಕೆಯ ಬೆನ್ನ ಮೇಲೆ ಅಪ್ಪನಿಗೆ ಲೆಕ್ಕ ಮಾಡಿ ತೋರಿಸಿದಳು. 2018ರ ಕೇಂದ್ರದ ಅಧಿಸೂಚನೆಯಲ್ಲಿ ಡಿವೈಡರ್ ಇರುವ ನಾಲ್ಕು ಪಥದ ರಸ್ತೆಗೆ ಕಾರಿಗೆ 100, ಸರಕಿನ ಲಾರಿಗೆ 80 ಎಂದು ಗರಿಷ್ಠ ವೇಗ. ಬಾಣಾವರದಲ್ಲಿ ಎಡಕ್ಕೆ ಹೊರಳಿ ಜಾವಗಲ್ಲಿಗೆ ಹೋಗುತ್ತೇವಲ್ಲ, ಅಂಥ ಎರಡು ಪಥದ ರಸ್ತೆಗೆ ಕಾರಿಗೆ 70, ಲಾರಿಗೆ 60. ಇಪ್ಪತ್ತು ಕಿಲೋಮೀಟರು ಲಾರಿಯ ಹಿಂದೆಯೇ ಹೋದರೆ ಇಪ್ಪತ್ತು ನಿಮಿಷ, ಮುಂದೆ ಹೋದರೆ ಹದಿನೇಳು ನಿಮಿಷದ ಮೇಲೆ ಚೂರು. ಉಳಿಯುವುದು ಮೂರು ನಿಮಿಷಕ್ಕೂ ಕಡಿಮೆ. ಆ ಮೂರು ನಿಮಿಷಕ್ಕಾಗಿ 60ರಲ್ಲಿ ಹೋಗುವ ಹನ್ನೆರಡು ಮೀಟರಿನ ಲಾರಿಯನ್ನು 70ರಲ್ಲಿ ದಾಟಬೇಕಾದರೆ, ಹಿಂದೆ ಮುಂದೆ ಇಪ್ಪತ್ತಿಪ್ಪತ್ತು ಮೀಟರು ಬಿಟ್ಟುಕೊಂಡು, ಇಪ್ಪತ್ತು ಸೆಕೆಂಡು ಬಲಗಡೆಯಲ್ಲೇ ಇರಬೇಕು. ಅಷ್ಟರಲ್ಲಿ ನಾವು ನಾನೂರು ಮೀಟರು ಹೋಗಿರುತ್ತೇವೆ, ಎದುರಿನಿಂದ ಇನ್ನೊಂದು ಲಾರಿ ಮುನ್ನೂರು ಚಿಲ್ಲರೆ ಮೀಟರು ಬಂದಿರುತ್ತದೆ. ಅಂದರೆ ಕಣ್ಣಿಗೆ ಕಾಣುವ ಖಾಲಿ ರಸ್ತೆ ಮುಕ್ಕಾಲು ಕಿಲೋಮೀಟರು ಬೇಕು. ಕೆರೆ ಏರಿ, ತಿರುವು, ತೆಂಗಿನ ತೋಟ ಬಿಟ್ಟರೆ ಬೇರೆ ಇಲ್ಲದ ನಮ್ಮ ಕಡೆ ಅದನ್ನು ಎಲ್ಲಿಂದ ತರುವುದು?

ಮಾವನವರು ಲೆಕ್ಕವನ್ನು ಪೂರ್ತಿ ಕೇಳಿದರು. ಮಂಡಿಯವರಲ್ಲವೇ, ಲೆಕ್ಕಕ್ಕೆ ಮರ್ಯಾದೆ ಕೊಡುತ್ತಾರೆ. ಕೇಳಿ, "ಎದುರಿಗೆ ಬರೋನಿಗೂ ಬ್ರೇಕ್ ಇರುತ್ತಲ್ಲಮ್ಮಾ" ಎಂದರು.

ನನಗೆ ಅರ್ಥವಾಗದ್ದು ಇದು. ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ, ನೀರು ಇಂಗಿ, ಒಳಗಿನ ಗಿಟುಕು ಚಿಪ್ಪು ಬಿಟ್ಟು ಗಡಗಡ ಎನ್ನುವವರೆಗೆ ಹೆಚ್ಚು ಕಡಿಮೆ ಒಂದು ವರ್ಷ ಕಾಯುವ ಜನ ನಾವು. ಆ ಅಟ್ಟದ ಕೆಳಗೇ ಹುಟ್ಟಿ ಬೆಳೆದ ಮನುಷ್ಯನಿಗೆ ಒಂದು ಲಾರಿಯ ಹಿಂದೆ ಮೂರು ನಿಮಿಷ ಕಾಯಲಾಗುವುದಿಲ್ಲ.

ಇನ್ನೊಂದು ಸ್ವಾರಸ್ಯ ಸೀಟಿನದು. ನಮ್ಮಲ್ಲಿ ಸ್ಟೇರಿಂಗ್ ಬಲಕ್ಕೆ. ಲಾರಿಯ ಬೆನ್ನಿಗೆ ಬಿದ್ದಾಗ ಎದುರಿನ ರಸ್ತೆ ಒಂದಿಷ್ಟಾದರೂ ಕಾಣುವುದು ಬಲಗಡೆ ಕೂತ ನನಗೆ. ಎಡಗಡೆ ಕೂತ ಮಾವನವರಿಗೆ ಕಾಣುವುದು ಲಾರಿಯ ಹಲಗೆ, ಚರಂಡಿ, ಚರಂಡಿಯಾಚೆಯ ತೋಟ. ಆದರೆ ಕತ್ತು ಉದ್ದ ಮಾಡಿ ನೋಡಿ "ಖಾಲಿ ಇದೆ, ಹೊಡೀರಿ" ಎನ್ನುವವರು ಅವರು. ಸುಳ್ಳು ಹೇಳುವವರಲ್ಲ ಪಾಪ. ತೋಟ ಖಾಲಿಯೇ ಇರುತ್ತದೆ.

ಲಾರಿಯ ಇಂಡಿಕೇಟರಿಗೂ ಅರ್ಥ ಹೇಳುವವರು ಅವರೇ. ಮುಂದಿನ ಲಾರಿ ಬಲಗಡೆಯ ದೀಪ ಮಿಣುಕಿಸಿದರೆ ಏನರ್ಥ? ಬಲಕ್ಕೆ ತಿರುಗುತ್ತೇನೆ ಎಂದು ನಿಯಮ. 'ಎದುರು ಗಾಡಿ ಬರ್ತಿದೆ, ತಡಿ' ಎಂದು ಕೆಲವು ಡ್ರೈವರುಗಳ ಭಾಷೆ. 'ಹೋಗು ಮಾರಾಯ' ಎಂದು ಇನ್ನು ಕೆಲವರ ಭಾಷೆ. ಬಿ.ಎಲ್. ರೈಸ್ ಸಾಹೇಬರು ಹಾಸನ ಜಿಲ್ಲೆಯ ಶಾಸನಗಳನ್ನೆಲ್ಲ ಓದಿಸಿ 1902ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ 5ನೇ ಸಂಪುಟವಾಗಿ ಅಚ್ಚು ಹಾಕಿಸಿದರು. ಅಕ್ಷರ ಅಳಿಸಿಹೋದ ಕಡೆ ಅವರೂ ಚುಕ್ಕೆ ಇಟ್ಟು ಸುಮ್ಮನಾದರು. ಮಾವನವರು ಚುಕ್ಕೆ ಇಡುವವರಲ್ಲ. ಎಡ ಮಿಣುಕಲಿ, ಬಲ ಮಿಣುಕಲಿ, ಎರಡೂ ಮಿಣುಕಲಿ, ಬಲ್ಬೇ ಇಲ್ಲದಿರಲಿ, ಅವರ ಓದು ಒಂದೇ: "ಹೋಗು ಅಂತಾನೆ, ಹೊಡೀರಿ."

ತುಮಕೂರು–ಶಿವಮೊಗ್ಗ ರಸ್ತೆಯನ್ನು ನಾಲ್ಕು ಪಥ ಮಾಡುವ ಕೆಲಸ ಶುರುವಾದ ಮೇಲೆ ಅವರ ಪ್ರತಿಭೆಗೆ ಹೊಸ ಮೈದಾನ ಸಿಕ್ಕಿತು. (ರಸ್ತೆಯ ನಂಬರು ಬದಲಾಗಿ ವರ್ಷಗಳೇ ಆದವು, ನಮ್ಮವರ ಬಾಯಲ್ಲಿ ಅದಿನ್ನೂ ಇನ್ನೂರಾರೇ.) ಕಾಮಗಾರಿ ನಡೆಯುವ ಕಡೆ ಏನೇನಿರಬೇಕು ಎಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ ಒಂದು ಪುಸ್ತಕವನ್ನೇ ಮಾಡಿದೆ. ಮೊದಲು ದೂರದಿಂದಲೇ ಎಚ್ಚರಿಕೆ, ಆಮೇಲೆ ರಸ್ತೆ ಮೆಲ್ಲಗೆ ಕಿರಿದಾಗುತ್ತ ಬರಬೇಕು, ಆಮೇಲೆ ಕೆಲಸದ ಜಾಗ, ಕೊನೆಗೆ ಮತ್ತೆ ಮಾಮೂಲಿ ರಸ್ತೆಗೆ ಬಿಡಬೇಕು. ನಮ್ಮ ಕಡೆ ಕೆಲವೊಮ್ಮೆ ಈ ನಾಲ್ಕೂ ಒಂದೇ ಜಾಗದಲ್ಲಿ, ಒಂದೇ ಡ್ರಮ್ಮಿನ ಮೇಲೆ ಕೂತಿರುತ್ತವೆ. ಆದರೂ ಬೋರ್ಡು ಬೋರ್ಡೇ. 'ಕಾಮಗಾರಿ ಪ್ರಗತಿಯಲ್ಲಿದೆ, ನಿಧಾನವಾಗಿ ಚಲಿಸಿ', ಪಕ್ಕದಲ್ಲಿ ಕೆಂಪು ಉಂಗುರದೊಳಗೆ 40.

"ಅದು ಕೆಲಸ ಮಾಡೋರಿಗೆ ಹೇಳಿರೋದು" ಎಂದರು ಮಾವನವರು. "ನಿಧಾನವಾಗೇ ಮಾಡ್ತಾ ಅವರೆ, ನೋಡಿ."

ಕಾಮಗಾರಿ ಎಳೆಯುವುದರ ಬಗ್ಗೆ ಮಾತ್ರ ಅವರು ಕೋಪ ಮಾಡಿಕೊಳ್ಳುವುದಿಲ್ಲ. 1121ರ ಸುಮಾರಿಗೆ ಶುರುವಾದ ಹಳೇಬೀಡಿನ ದೇವಸ್ಥಾನ ಇನ್ನೂ ಪೂರ್ತಿಯಾಗಿಲ್ಲ, ಮೇಲೆ ಗೋಪುರವೇ ಇಲ್ಲ, ಆದರೂ 2023ರಲ್ಲಿ ಯುನೆಸ್ಕೋದವರು ಪಟ್ಟಿಗೆ ಸೇರಿಸಿಕೊಂಡರಲ್ಲ ಎಂದು ಅವರ ವಾದ. ನಮ್ಮ ಬೈಪಾಸಿಗೂ ಒಂದು ಕಾಲ ಬರುತ್ತದೆ.

ಒಂದೇ ಬದಿ ರಸ್ತೆ ತೆರೆದಿರುವಾಗ ಎರಡು ತುದಿಯಲ್ಲಿ ಇಬ್ಬರು ಹುಡುಗರು ಕೆಂಪು ಹಸಿರು ಬಾವುಟ ಹಿಡಿದು ನಿಂತಿರುತ್ತಾರೆ. ಇದನ್ನು ಕಂಡರೆ ಮಾವನವರಿಗೆ ರೈಲಿನ ನೆನಪು. ಸಿಂಗಲ್ ಲೈನಿನ ಕಾಲದಲ್ಲಿ ಟೋಕನ್ ಕೈಗೆ ಬರದೆ ಅರಸೀಕೆರೆ ಜಂಕ್ಷನ್ನಿನಿಂದ ಯಾವ ಡ್ರೈವರನೂ ಗಾಡಿ ಕದಲಿಸುತ್ತಿರಲಿಲ್ಲ ಎಂದು ಅಭಿಮಾನದಿಂದ ವರ್ಣಿಸುತ್ತಾರೆ. ವರ್ಣಿಸಿ ಮುಗಿಸಿ, ಕೆಂಪು ಬಾವುಟದ ಹುಡುಗ ಆ ಕಡೆ ಮುಖ ತಿರುಗಿಸಿದ ಕೂಡಲೇ, "ಈಗ ನುಗ್ಸಿ" ಎನ್ನುತ್ತಾರೆ.

ಹೋದ ಮಾರ್ಗಶಿರದಲ್ಲಿ ಬೇಲೂರಿಗೆ ಹೊರಟಿದ್ದೆವು. ಬಾಣಾವರ ದಾಟಿ ಸ್ವಲ್ಪ ದೂರಕ್ಕೆ ಮೋರಿ ಕೆಲಸ. ರಸ್ತೆ ಅಗೆದು ಎಡಕ್ಕೆ ಮಣ್ಣಿನ ತಾತ್ಕಾಲಿಕ ದಾರಿ ಮಾಡಿದ್ದರು. ಮುಂದೆ ಗೊಬ್ಬರದ ಮೂಟೆ ತುಂಬಿದ ಲಾರಿ. ಅದರ ಧೂಳಿನಲ್ಲಿ ಹಿಂದಿನ ದೀಪವೂ ಕಾಣುತ್ತಿರಲಿಲ್ಲ. ದಾರಿ ಕಿರಿದಾಗುವ ಕಡೆ ಲಾರಿ ಸ್ವಲ್ಪ ಬಲಕ್ಕೆ ಸರಿಯಿತು. ಅದರ ಎಡಗಡೆ ಒಂದು ಕಾರು ಹಿಡಿಯುವಷ್ಟು ಜಾಗ ತೆರೆಯಿತು.

"ಜಾಗ ಕೊಟ್ಟ! ಹೊಡೀರಿ!"

ಹೊಡೆದೆ. ಒಂಬತ್ತು ವರ್ಷದಲ್ಲಿ ಮೊದಲ ಸಲ ಮಾವನ ಮಾತಿಗೆ ನನ್ನ ಕಾಲು ನನ್ನನ್ನು ಕೇಳದೆ ಒಪ್ಪಿಬಿಟ್ಟಿತು. ಲಾರಿಯ ನಡುಮಧ್ಯದವರೆಗೆ ಹೋದಾಗ ತಿಳಿಯಿತು, ಅವನು ಜಾಗ ಕೊಟ್ಟದ್ದಲ್ಲ, ಎಡಕ್ಕೆ ಹೊರಳಲು ಬಲಕ್ಕೆ ತೆಗೆದುಕೊಂಡದ್ದು. ಉದ್ದದ ಲಾರಿಯ ಹಿಂಗಾಲು ಮುಂಗಾಲಿನ ಜಾಡಿನಲ್ಲಿ ಬರುವುದಿಲ್ಲ, ತಿರುವಿನ ಒಳಗೆ ಕೊಯ್ದುಕೊಂಡು ಬರುತ್ತದೆ. ಮಾವನವರ ಕಿಟಕಿಯಾಚೆ ಮಣ್ಣಿನ ಗುಡ್ಡೆ, ನನ್ನ ಕಿಟಕಿಯಾಚೆ ನನ್ನ ಮುಖದಷ್ಟೇ ಎತ್ತರದ ಟೈರು. ಅದರ ನಟ್ಟುಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ಎಣಿಸಿದೆ ಎಂದು ಕಾಣುತ್ತದೆ, ಹತ್ತು. ಹಾರ್ನ್ ಅದುಮಿದೆ. ಹಿಂದಿನಿಂದ "ಅಪ್ಪಾ!" ಎಂದು ಒಂದು ಕೂಗು. ಲಾರಿ ಬುಸ್ಸೆಂದು ನಿಂತಿತು.

ಡ್ರೈವರ್ ಇಳಿದು ಬಂದ. ಐವತ್ತು ದಾಟಿದ ಮನುಷ್ಯ, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನನ್ನ ಕನ್ನಡಿ ನಿಮಗೆ ಕಾಣ್ತಿತ್ತಾ ಸಾರ್?" ಎಂದ. ಇಲ್ಲ ಎಂದೆ. "ಹಂಗಾದ್ರೆ ನೀವೂ ನಂಗೆ ಕಾಣ್ತಿರಲಿಲ್ಲ. ಮೊದಲು ಎಡಗಡೆ ನೋಡೋಕೆ ಕ್ಲೀನರ್ ಇರ್ತಿದ್ದ. ಈಗ ಎಲ್ಲಿಂದ ತರೋದು? ಓನರ್ ಕೊಡೋದು ಒಬ್ಬನ ಬತ್ತ."

ಈಗ ಲಾರಿ ಹಿಂದೆ ಸರಿದರೆ ಮಾತ್ರ ನಾವು ಬಿಡುಗಡೆ. ಅದರ ಹಿಂದೆ ಬಲಕ್ಕೆ ಅಗೆದ ಹಳ್ಳ, ಎಡಕ್ಕೆ ನಾವು. ಡ್ರೈವರ್ ಹಿಂದೆ ಮುಂದೆ ನೋಡಿ ತಲೆ ಕೆರೆದುಕೊಂಡ.

ಆಗ ಮಾವನವರು ಬೆಲ್ಟನ್ನು ಕೈಬಿಟ್ಟರು. ಅವರ ಬಾಗಿಲು ಅರ್ಧವೇ ತೆರೆಯುತ್ತಿತ್ತು, ಹೊಟ್ಟೆ ಒಳಗೆಳೆದುಕೊಂಡು ಇಳಿದರು. ಮಣ್ಣುಗುಡ್ಡೆ ಹತ್ತಿ ಇಳಿದು ಲಾರಿಯ ಹಿಂದೆ ಹೋಗಿ ನಿಂತು, ಟವಲ್ಲನ್ನು ಸೊಂಟಕ್ಕೆ ಬಿಗಿದು, ಹಲಗೆಯನ್ನು ಅಂಗೈಯಿಂದ ಎರಡು ಸಲ ತಟ್ಟಿದರು. ಧಡ್ ಧಡ್. "ಬರ್ಲಿ ಬರ್ಲಿ ಬರ್ಲಿ… ಬಲಕ್ಕೆ ಒಡೀ… ಇನ್ನೂ… ಸಾಕು! ನೇರ ಮಾಡು… ಬರ್ಲಿ… ಹೋಲ್ಡೇಯ್!" ಒಂದೇ ತಟ್ಟು. ಲಾರಿ ನಿಂತ ಕಡೆಯಿಂದ ಹಳ್ಳಕ್ಕೆ ಒಂದು ಮೊಳ ಇತ್ತು. ಮಂಡಿಯ ಹಿಂದಿನ ಗಲ್ಲಿಯಲ್ಲಿ ಮೂವತ್ತು ವರ್ಷ, ಎರಡು ಗೋಡೆಗಳ ನಡುವೆ, ದಿಲ್ಲಿ ಲಾರಿಗಳನ್ನು ಹೀಗೆಯೇ ಒಳಗೆ ತೆಗೆಸುತ್ತಿದ್ದರಂತೆ. ನನ್ನ ಹೆಂಡತಿ ಆಮೇಲೆ ಹೇಳಿದಳು. ರೈಟರ್ ಕೆಲಸ ಪುಸ್ತಕದಲ್ಲಿ ಮಾತ್ರ ಇತ್ತು ಎಂದು ನಾನು ತಿಳಿದಿದ್ದೆ.

ನಾನು ಕಾರನ್ನು ಮೆಲ್ಲಗೆ ಹಿಂದಕ್ಕೆ ತೆಗೆದೆ. ಅದಕ್ಕೂ ಅವರೇ ಕೈ ತೋರಿಸಿದರು, ಆದರೆ ನನ್ನ ಡಿಕ್ಕಿಯನ್ನು ತಟ್ಟಲಿಲ್ಲ. ಅಂಥ ಗೌರವ ಕಾರಿಗೆ ಇಲ್ಲ.

ಡ್ರೈವರ್ ಕೈ ಮುಗಿದ. "ಯಜಮಾನ್ರೇ, ಹಳೇಬೀಡಿಗೆ ಲೋಡ್. ಅಲ್ಲಿಗಂಟ ಇಂಥ ಮೋರಿ ಇನ್ನೆಷ್ಟವೋ" ಎಂದ. ಮಾತಿನಲ್ಲಿ ಕರೆಯೋಲೆ ಇರಲಿಲ್ಲ. ಮಾವನವರು ಅದನ್ನೂ ಇಂಡಿಕೇಟರಿನ ಹಾಗೆಯೇ ಓದಿಕೊಂಡರು. "ನೀವು ಹಿಂದೆ ಬನ್ನಿ ಅಳಿಯಂದ್ರೇ" ಎಂದು, ಮೆಟ್ಟಿಲಿಗೆ ಕಾಲಿಟ್ಟು, ಎಪ್ಪತ್ತೊಂದನೇ ವಯಸ್ಸಿನಲ್ಲಿ ಒಂದೇ ಜಿಗಿತಕ್ಕೆ ಕ್ಯಾಬಿನ್ನಿನ ಎಡಗಡೆ ಸೀಟಿಗೆ ಹತ್ತಿ ಕೂತರು.

ಜಾವಗಲ್ ದಾಟಿದ ಮೇಲೆ ರಸ್ತೆ ನೇರವಾಯಿತು. ಮುಕ್ಕಾಲು ಕಿಲೋಮೀಟರಿಗೂ ಹೆಚ್ಚೇ ಕಾಣುತ್ತಿತ್ತು, ಎದುರಿಗೆ ಒಂದು ಎತ್ತಿನ ಗಾಡಿಯೂ ಇಲ್ಲ. ಬಲಗಡೆಯ ಇಂಡಿಕೇಟರ್ ಹಾಕಿ ಮೆಲ್ಲಗೆ ಹೊರಗೆ ಬಂದೆ. ಲಾರಿಯ ಎಡಗಿಟಕಿಯಿಂದ ಬಿಳಿ ತೋಳಿನ ಒಂದು ಕೈ ಹೊರಗೆ ಬಂದು, ಅಂಗೈ ಕೆಳಗೆ ಮಾಡಿ, ತಡಿ ತಡಿ ಎಂದು ಗಾಳಿಯನ್ನು ತಟ್ಟಿತು.

ಹಳೇಬೀಡಿನವರೆಗೆ ಆ ಕೈ ಒಳಗೆ ಹೋಗಲಿಲ್ಲ.